ರಾಮಗಡ: ಸಂಡೂರು ಬೆಟ್ಟದ ನೆತ್ತಿಯಲ್ಲಿ ದೊರೆಗಳ ನೆಲೆ

ಸಂಡೂರಿನಿಂದ ಕೂಡ್ಲಿಗಿಯ ಕಡೆಗೆ ಸಾಗುವ ದಾರಿಯಲ್ಲಿರುವ ಯಶವಂತನಗರವು ಕಣಿವೆಯ ಊರು. ಯಶವಂತರಾವ್ ಎಂಬುದು ಸಂಡೂರು ಸಂಸ್ಥಾನವನ್ನಾಳಿದ ಘೋರ್ಪಡೆ ಮನೆತನದಲ್ಲಿ ಮರುಕಳಿಸುವ ಹೆಸರು. ಅದೇ ಸಂಸ್ಥಾನದ ಪಶ್ಚಿಮದ ಬೆಟ್ಟಸಾಲಿನ ನೆತ್ತಿಯಲ್ಲಿರುವ ರಾಮಗಡದ ಚರಿತ್ರೆಯಲ್ಲಿ ಕಾಣುವುದು ಬೇರೊಂದು ಆಳ್ವಿಕೆಯ ಹೆಜ್ಜೆಗುರುತು. ಜನರ ಬಾಯಲ್ಲಿ ರಾಮನದುರ್ಗವಾಗಿದ್ದ ಈ ತಾಣವನ್ನು ಆಂಗ್ಲ ದಾಖಲೆಗಳು 'ರಾಮನ್‌ಡ್ರುಗ್' ಎಂದು ಬರೆದುಕೊಂಡವು. ಹೆಸರಿನಲ್ಲಿ ದುರ್ಗ ಉಳಿಯಿತು. ಬೆಟ್ಟದ ಮೇಲೆ ಬಂಗಲೆಗಳು ಎದ್ದವು.

1800ರಲ್ಲಿ ಬಳ್ಳಾರಿ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಬಳ್ಳಾರಿ ಪಟ್ಟಣವು ದೊಡ್ಡ ದಂಡುಪ್ರದೇಶವಾಗಿ ಬೆಳೆಯಿತು. ಅಲ್ಲಿನ ಬೇಸಿಗೆ ಯುರೋಪಿಯನ್ ಸೈನಿಕರಿಗೆ ಅಸಹನೀಯವಾಗಿತ್ತು. ನೀಲಗಿರಿ ದೂರದ್ದು; ಸಂಡೂರಿನ ಬೆಟ್ಟವಾದರೋ ಬಳ್ಳಾರಿಯಿಂದ ಸುಮಾರು 60 ಕಿ.ಮೀ. ಮಾತ್ರ. 1840ರ ದಶಕದಲ್ಲಿ, ವೆಂಕಟರಾವ್ ಘೋರ್ಪಡೆಯವರ ಆಳ್ವಿಕೆಯಲ್ಲಿ, ಇಲ್ಲಿ ಆರೋಗ್ಯಧಾಮವನ್ನು ಸ್ಥಾಪಿಸಲು ಮದ್ರಾಸ್ ಸರ್ಕಾರಕ್ಕೆ ಅವಕಾಶ ದೊರೆಯಿತು. ಅವಕಾಶ ಎಂಬ ಪದವನ್ನು ಸ್ವಲ್ಪ ಎಚ್ಚರದಿಂದಲೇ ಬಳಸಬೇಕು. 1817ರಲ್ಲಿ ಥಾಮಸ್ ಮನ್ರೋ ಸೈನ್ಯದೊಡನೆ ಬಂದಾಗ ಸಂಡೂರು ಕೈಬಿಟ್ಟುಹೋಗಿ, ಬಳಿಕ ಕಂಪನಿಯ ಅನುಗ್ರಹದಿಂದಲೇ ಮರಳಿ ದೊರೆತಿತ್ತು. ಹಾಗೆ ಉಳಿದ ಪುಟ್ಟ ಸಂಸ್ಥಾನವೊಂದು ಇಂತಹ ಕೋರಿಕೆಯನ್ನು ನಿರಾಕರಿಸುವ ಸ್ಥಿತಿಯಲ್ಲಿರಲಿಲ್ಲ.

ಬೆಟ್ಟದ ಮೇಲಿನ ಸಮತಟ್ಟು ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆ. ಬಳ್ಳಾರಿಗಿಂತ ಸುಮಾರು 1,700 ಅಡಿ ಹೆಚ್ಚು. ಎತ್ತರದ ಲೆಕ್ಕದಿಂದ ತಾಪಮಾನದ ವ್ಯತ್ಯಾಸವು ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್ ಮೀರದು. ಊಟಿಯ ಚಳಿಯನ್ನು ಇಲ್ಲಿ ಯಾರೂ ನಿರೀಕ್ಷಿಸುವಂತಿರಲಿಲ್ಲ. ಆದುದರಿಂದ ಜಿಲ್ಲೆಯ ಅಧಿಕಾರಿಗಳು ಬೇಸಿಗೆಯಲ್ಲಿ ಇಲ್ಲಿಗೆ ಏರಿಬರುತ್ತಿದ್ದುದಕ್ಕೆ ಗಾಳಿಯೊಂದೇ ಕಾರಣವೆನ್ನಲಾಗದು. ಕಚೇರಿಯ ಗದ್ದಲದಿಂದ, ಬಯಲಿನ ಜನಸಂದಣಿಯಿಂದ ದೂರವಿದ್ದು ತಮ್ಮವರ ನಡುವೆಯೇ ಕಾಲ ಕಳೆಯುವ ಅನುಕೂಲವೂ ಬೆಟ್ಟದ ಸೆಳೆತವಾಗಿತ್ತೆಂದು ತೋರುತ್ತದೆ. ಸೈನಿಕರಿಗೆ ಬ್ಯಾರಕ್ಕು, ಅಧಿಕಾರಿಗಳಿಗೆ ಬಂಗಲೆ ಎಂಬ ವಿಂಗಡಣೆ ನೆತ್ತಿಯ ಮೇಲೂ ತಪ್ಪಲಿಲ್ಲ.

ಈ ನೆಲೆಗೆ ಪೇಟೆಯ ರೂಪವಿದ್ದರೂ ಪೇಟೆಯ ಬೇರು ಇರಲಿಲ್ಲ. ಇಲ್ಲಿ ಖರ್ಚಾಗುತ್ತಿದ್ದ ಹಣ ದಂಡಿನ ಸಂಬಳದ್ದು. ದಿನಸಿ ಬರುತ್ತಿದ್ದುದು ಕೆಳಗಿನಿಂದ. ಅಂದಿನ ಗಿರಿಧಾಮಗಳೆಲ್ಲವೂ ಅಡುಗೆಯವರು, ನೀರು ಹೊರುವವರು, ಡೋಲಿ ಹೊರುವವರು, ಕುದುರೆ ನೋಡಿಕೊಳ್ಳುವವರನ್ನು ನೆಚ್ಚಿಕೊಂಡೇ ನಡೆಯುತ್ತಿದ್ದವು. ಸಂಡೂರು ಬೆಟ್ಟವೂ ಇದಕ್ಕೆ ಹೊರತಾಗಿರಲಾರದು. ಆದರೆ ಗೆಜೆಟಿಯರುಗಳು ಹವೆಯನ್ನೂ ನೋಟವನ್ನೂ ಬಣ್ಣಿಸಿದಷ್ಟು ವಿವರವಾಗಿ ಈ ಜನರನ್ನು ಬಣ್ಣಿಸುವುದಿಲ್ಲ. ರಾಮಗಡದ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಡುವವರು ಕಣಿವೆಯ ಊರುಗಳ ಹಿರಿಯರ ನೆನಪುಗಳನ್ನು ಕೇಳದೆ ಗತ್ಯಂತರವಿಲ್ಲ.

ಬೇರಿಲ್ಲದ ಸಿರಿ ಬಹುಕಾಲ ಬಾಳಲಿಲ್ಲ. ರೈಲು ಮಾರ್ಗಗಳು ಹಬ್ಬಿದಂತೆ ದೂರದ ಗಿರಿಧಾಮಗಳು ಹತ್ತಿರವಾದವು. 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಬೆಟ್ಟದ ರೈಲು ತಲುಪಿತು. ಎತ್ತರದಲ್ಲಿ ಊಟಿಯ ಅರ್ಧಕ್ಕೂ ಬಾರದ ರಾಮಗಡವು ಸ್ಪರ್ಧೆಯಲ್ಲಿ ಹಿಂದೆ ಬಿತ್ತು. ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯೊಳಗೆ ವಿಲೀನವಾಯಿತು. 1953ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು.

ದೊರೆಗಳು ಗಾಳಿಗಾಗಿ ಏರಿದ ಈ ಬೆಟ್ಟದ ಸಂಪತ್ತು ಅದರ ಒಡಲಲ್ಲಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥದಲ್ಲಿ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರನ್ನು ವಿವರಿಸಿದರು. 20ನೆಯ ಶತಮಾನದಲ್ಲಿ ಮ್ಯಾಂಗನೀಸ್, ಕಬ್ಬಿಣಗಳಿಗಾಗಿ ಗಣಿಗಳು ತೆರೆದವು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಹಿಡಿದು, ಮುಂದೆ ಷರತ್ತುಗಳೊಂದಿಗೆ ಪುನರಾರಂಭಕ್ಕೆ ಅನುಮತಿಯಿತ್ತಿತು. ಆ ಸಂದರ್ಭದಲ್ಲಿ ಚರ್ಚೆಯಾದದ್ದು ಬಹುಪಾಲು ಅದಿರು, ಕಾಡು, ಗಡಿಗಳನ್ನು ಕುರಿತು. ಅದೇ ಬೆಟ್ಟಸಾಲಿನ ವಸಾಹತುಕಾಲದ ಕಟ್ಟಡಗಳ ನೆಲೆಗಳು, ಗೋರಿಗಳು, ಹಳೆಯ ಏರುದಾರಿಗಳು ಗಣಿ ನಕ್ಷೆಯ ಪಕ್ಕದಲ್ಲಿ ತಮ್ಮದೇ ನಕ್ಷೆಯನ್ನು ಬೇಡುತ್ತಿವೆ. ಹಂಪಿಯ ಕಲ್ಲುಗಳಿಗೆ ದೊರೆತ ಗಮನದ ಒಂದು ಪಾಲಾದರೂ ಈ ನೆತ್ತಿಗೆ ದೊರೆಯುವುದಾದರೆ, ದುರ್ಗ ಯಾವುದು, ಬಂಗಲೆಯ ಬುನಾದಿ ಯಾವುದು, ಆಳುಗಳ ಕೇರಿ ಎಲ್ಲಿತ್ತು ಎಂಬುದನ್ನು ನೆಲದ ಮೇಲೆಯೇ ಗುರುತಿಸುವ ಕೆಲಸ ಮೊದಲು ನಡೆಯಬೇಕು.