ಚಂಚಿಯಿಂದ ಪೊಟ್ಟಣದವರೆಗೆ

ಮಾಘ ಮಾಸದ ಕೃಷ್ಣಪಕ್ಷ ಹತ್ತಿರ ಬಂತೆಂದರೆ ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ಹೋಗುವ ಹಾದಿಗಳಲ್ಲಿ ಕಾಲ್ನಡಿಗೆಯ ಭಕ್ತರ ಸಾಲು ಕಾಣತೊಡಗುತ್ತದೆ. ಗುರು ಬಸವೇಶ್ವರನ ತೇರು ಎಳೆಯುವ ಹೊತ್ತಿಗೆ ಕೊಟ್ಟೂರು ಮುಟ್ಟಬೇಕೆಂಬುದು ಅವರ ಹರಕೆ. ಉಚ್ಚಂಗಿದುರ್ಗ, ಅರಸೀಕೆರೆಯ ಸೀಮೆ ಹಾಯ್ದು ನಡೆಯುವ ಇವರ ಹೆಗಲಲ್ಲಿ ಇರುವುದು ಒಂದು ಸಣ್ಣ ಚೀಲ ಮಾತ್ರ. (ಅರಸೀಕೆರೆ ಎಂದೊಡನೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನೆಯುವವರೇ ಹೆಚ್ಚು. ಇದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ.) ಎರಡು ದಿನ ನಡೆಯುವವನಿಗೆ ಪ್ರತಿ ತೊಲವೂ ಭಾರವೇ. ಹಾಗಿದ್ದರೂ ಹಲ್ಲುಜ್ಜಬೇಕು, ಮೈ ತೊಳೆಯಬೇಕು, ತಲೆ ಬಾಚಬೇಕು. ದೇವರ ಮುಂದೆ ನಿಲ್ಲುವವನು ಮಡಿಯಾಗಿಯೇ ನಿಲ್ಲಬೇಕು. ಈ ಎರಡೂ ಅಗತ್ಯಗಳನ್ನು ಒಂದೇ ಗಂಟಿನಲ್ಲಿ ನಮ್ಮ ಹಿರಿಯರು ಹೇಗೆ ಹೊಂದಿಸಿಕೊಂಡಿದ್ದರು?

ಇಂದು ವಿಮಾನದಲ್ಲಿ ಕೈಚೀಲವೊಂದನ್ನೇ ಹಿಡಿದು ಹೋಗುವವರನ್ನು ಕಾಡುವ ಪ್ರಶ್ನೆಯೂ ಇದೇ. ಪ್ರಶ್ನೆ ಹೊಸದೇನಲ್ಲ. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಹಡಪ, ಸಂಚಿ, ಚಂಚಿ

ಸಣ್ಣ ಸಾಮಾನುಗಳನ್ನು ಮಡಚಿ ಸುತ್ತಿ ಒಯ್ಯುವ ಚೀಲಕ್ಕೆ ಕನ್ನಡದಲ್ಲಿ ಹಳೆಯ ಹೆಸರುಗಳೇ ಇವೆ. 'ಹಡಪ' ಎಂದರೆ ಎಲೆ ಅಡಿಕೆಯ ಚೀಲ. ಕ್ಷೌರಿಕನ ಆಯುಧಗಳ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಈ ಮಾತು ಇಂದಿಗೂ ಉಳಿದಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿವಾಸದಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದು ಸಂಚಿಯ ಹೊನ್ನಮ್ಮ ಎಂದೇ ಪ್ರಸಿದ್ಧಳಾದಳು. ಬಾಯಿಯ ಶುದ್ಧಿ, ಸುವಾಸನೆಗಳ ಚೀಲ ಹಿಡಿಯುವುದು ಅರಮನೆಯ ನಂಬಿಕೆಯ ಕೆಲಸವಾಗಿತ್ತು. ತಾಂಬೂಲದಲ್ಲಿ ವಿಷ ಬೆರೆಸುವುದು ಸುಲಭವಾಗಿದ್ದುದರಿಂದ ನಂಬಿಕಸ್ಥರಿಗೇ ಆ ಕೆಲಸ.

ಅರಮನೆಯ ಸಂಚಿ ಉತ್ತರದ ರೈತನ ಸೊಂಟದಲ್ಲಿ 'ಚಂಚಿ'ಯಾಯಿತು. ಹಲವು ಅರೆಗಳುಳ್ಳ ಬಟ್ಟೆಯ ಚೀಲ. ಸುತ್ತಿ ದಾರ ಕಟ್ಟಿದರೆ ಅಂಗೈಯಗಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ತಂಬಾಕು, ಸುಣ್ಣದ ಡಬ್ಬಿ, ಒಳಗಿನ ಅರೆಯಲ್ಲಿ ನಾಲ್ಕು ಕಾಸು. ಇಂದಿನ ಪ್ರವಾಸಿಗಳು ಕೊಳ್ಳುವ, ಜಿಪ್ಪಿನ ಅರೆಗಳುಳ್ಳ ಮಡಚುವ ಚೀಲವನ್ನು ಕಂಡರೆ ಚಂಚಿ ಬಳಸಿದ ಹಿರಿಯರು ನಕ್ಕಾರು.

ರಾಜರ ವೈಭವ ಬೇರೆಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸ್ನಾನವನ್ನೂ ತಾಂಬೂಲವನ್ನೂ ರಾಜಭೋಗಗಳೆಂದೇ ಎಣಿಸಿ ವರ್ಣಿಸಿದ್ದಾನೆ. ಹರಪನಹಳ್ಳಿ ಬಳಿಯ ಬಾಗಳಿ, ಕೊಟ್ಟೂರಿನ ಬಳಿಯ ಅಂಬಳಿಯ ಕಲ್ಲೇಶ್ವರ ಗುಡಿಗಳು ಆ ಚಾಲುಕ್ಯರ ನಾಡಿನ ಗುರುತುಗಳು. ಆದರೆ ಆ ಗುಡಿಗಳಿಗೆ ನಡೆದು ಬಂದವನಿಗೆ ಎಣ್ಣೆ ತಿಕ್ಕುವ ಮಲ್ಲರಿರಲಿಲ್ಲ. ಅವನಿಗೆ ದಾರಿಯೇ ದಿಕ್ಕು.

ದಾರಿಯೇ ಅಂಗಡಿ

ಹಳೆಯ ಪಯಣಿಗನ ಗಂಟು ಹಗುರವಾಗಿದ್ದುದರ ಗುಟ್ಟು ಗಂಟಿನಲ್ಲಿರಲಿಲ್ಲ, ಹಾದಿಯಲ್ಲಿತ್ತು. ಹಲ್ಲುಜ್ಜಲು ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಅದೂ ಇಲ್ಲವಾದರೆ ಜಾಲಿಯ ಕಡ್ಡಿ. ಮುರಿದು, ಜಗಿದು, ಸೀಳಿ ನಾಲಿಗೆ ಹೆರೆದು ಬಿಸಾಡಿದರೆ ಮುಗಿಯಿತು. ತೊಳೆದಿಡುವ, ಹೊತ್ತೊಯ್ಯುವ ಪ್ರಮೇಯವೇ ಇಲ್ಲ. ಉಳಿದುಕೊಂಡ ಮನೆಯಲ್ಲಾದರೆ ಒಲೆಯ ಇದ್ದಿಲು, ಉಪ್ಪು. ತಂಬಿಗೆ ಬೆಳಗಲು ಬೂದಿ. ತಲೆಗೆ ಸೀಗೆಪುಡಿ, ಅಂಟುವಾಳದ ಕಾಯಿ, ಮೈಗೆ ಕಡಲೆಹಿಟ್ಟು. ಇವೆಲ್ಲ ಒಣ ಪದಾರ್ಥಗಳು. ಬಟ್ಟೆಯ ತುದಿಯಲ್ಲಿ ಗಂಟು ಹಾಕಿಕೊಂಡರೆ ಸೋರುವ ಭಯವಿಲ್ಲ. ನೀರು ಬೆರೆಸುವುದು ಕೆರೆಯ ದಂಡೆಯಲ್ಲಿ. ತೂಕದ ಬಹುಪಾಲು ನೀರೇ ಆದ್ದರಿಂದ ಅದನ್ನು ಹೊರದಿರುವುದೇ ಜಾಣತನವೆಂಬುದು ಅವರಿಗೆ ಗೊತ್ತಿತ್ತು.

ಹೊರಲೇಬೇಕಾದದ್ದು ಮೂರು: ತಂಬಿಗೆ, ಅದಕ್ಕೊಂದು ಹಗ್ಗ, ಹೆಗಲ ಮೇಲಿನ ವಲ್ಲಿ. ತಂಬಿಗೆಗೆ ಹಗ್ಗ ಬಿಗಿದು ಬಾವಿಯಿಂದ ನೀರು ಸೇದಬಹುದು, ಕುಡಿಯಬಹುದು, ಮೀಯಬಹುದು, ಬಯಲಿಗೂ ಒಯ್ಯಬಹುದು. ವಲ್ಲಿ ಮೈ ಒರೆಸುವ ಬಟ್ಟೆ, ಬಿಸಿಲಿಗೆ ರುಮಾಲು, ಬುತ್ತಿಯ ಗಂಟು, ರಾತ್ರಿ ತಲೆದಿಂಬು. ಇಷ್ಟಲಿಂಗಧಾರಿಗಳಾದರೆ ಜೊತೆಗೊಂದು ವಿಭೂತಿ ಗಟ್ಟಿ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗುವ ಗೊರವಯ್ಯನಿಗೆ ಕಂಬಳಿ, ಬಂಡಾರದ ಚೀಲ. ಬಂಡಾರವೆಂದರೆ ಅರಿಸಿನ ಪುಡಿ. ದೇವರ ಪ್ರಸಾದವಾದ ಅದೇ ಪುಡಿ ಗಾಯಕ್ಕೂ ಮದ್ದಾಗುತ್ತಿತ್ತು. ಮೀಯಲು ತುಂಗಭದ್ರೆ ಇದ್ದೇ ಇದ್ದಳು.

ಕ್ಷೌರದ ಸಾಮಾನನ್ನಂತೂ ಯಾರೂ ಹೊರುತ್ತಿರಲಿಲ್ಲ. ಕತ್ತಿ, ಕತ್ತರಿ, ಸಾಣೆಕಲ್ಲು, ಕನ್ನಡಿ, ನೀರಿನ ಗಿಂಡಿಗಳ ಹಡಪವನ್ನು ಕ್ಷೌರಿಕನೇ ಹೊತ್ತು ಜಾತ್ರೆಯಲ್ಲಿ ಮರದಡಿ ಕೂತಿರುತ್ತಿದ್ದ.

ನೀರೇ ಇಲ್ಲದಿದ್ದರೆ?

ಕೂಡ್ಲಿಗಿ, ಹರಪನಹಳ್ಳಿಗಳಂಥ ಮಳೆ ಕಡಿಮೆಯ ಸೀಮೆಯಲ್ಲಿ ಎಲ್ಲ ಕಡೆ ನೀರು ಸಿಗುವುದೆಂಬ ಭರವಸೆಯಿಲ್ಲ. ಧರ್ಮಶಾಸ್ತ್ರಕಾರರು ಇದಕ್ಕೂ ದಾರಿ ಮಾಡಿದ್ದರು. ನೀರಿನ ಸ್ನಾನಕ್ಕೆ ಬದಲಾಗಿ ಭಸ್ಮದಿಂದ ಮಾಡುವ ಆಗ್ನೇಯ ಸ್ನಾನ, ಹಸುವಿನ ಕಾಲಧೂಳಿನ ವಾಯವ್ಯ ಸ್ನಾನ, ಮಂತ್ರಸ್ನಾನ, ಕೊನೆಗೆ ಮನಸ್ಸಿನಲ್ಲೇ ಮಾಡುವ ಮಾನಸ ಸ್ನಾನ ಎಂದು ಅವರು ಪಟ್ಟಿ ಕೊಡುತ್ತಾರೆ. ನೀರು ಸಿಗದ ಮುಸಲ್ಮಾನ ಪಯಣಿಗ ಶುದ್ಧವಾದ ಮಣ್ಣನ್ನು ಮುಟ್ಟಿ ಮುಖ, ಕೈ ಸವರಿಕೊಂಡು 'ತಯಮ್ಮುಮ್' ಮಾಡಿ ನಮಾಜಿಗೆ ನಿಲ್ಲುತ್ತಾನೆ. ದಿಗಂಬರ ಜೈನ ಮುನಿಗಳದು ಎಲ್ಲಕ್ಕಿಂತ ಹಗುರವಾದ ಪಯಣ: ಕೈಯಲ್ಲಿ ನವಿಲುಗರಿಯ ಪಿಂಛಿ, ಶೌಚಕ್ಕೆ ನೀರಿನ ಕಮಂಡಲು. ಅವರ 28 ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಹಲ್ಲುಜ್ಜದಿರುವುದೂ ಸೇರಿವೆ. ತಲೆಗೂದಲನ್ನು ಕೈಯಿಂದಲೇ ಕೀಳುವುದರಿಂದ ಕತ್ತಿಯೂ ಬೇಡ. ಒಬ್ಬರಿಗೆ ಅನಿವಾರ್ಯದ ರಿಯಾಯಿತಿಯಾದದ್ದು ಇನ್ನೊಬ್ಬರಿಗೆ ವ್ರತ.

ಯಾರ ಪಾಲಿಗೆ ಹಗುರ?

ಆದರೆ ದಾರಿ ಎಲ್ಲರಿಗೂ ಒಂದೇ ಬಗೆಯಾಗಿ ಕೊಡುತ್ತಿರಲಿಲ್ಲ ಎಂಬುದನ್ನು ಮರೆತರೆ ಈ ಕಥೆ ಸುಳ್ಳಾಗುತ್ತದೆ. ತಂಬಿಗೆಯಿದ್ದರೂ ಬಾವಿಗೆ ಹಗ್ಗ ಇಳಿಬಿಡಲು ದಲಿತನಿಗೆ ಅಪ್ಪಣೆಯಿರಲಿಲ್ಲ. ಕ್ಷೌರಿಕ ಅವನ ತಲೆ ಮುಟ್ಟುತ್ತಿರಲಿಲ್ಲ. ಮಠ, ಛತ್ರಗಳ ಜಗಲಿ ಅವನಿಗಲ್ಲ. 1901ರಲ್ಲಿ, ಇನ್ನೂ ಬಾಲಕನಾಗಿದ್ದ ಅಂಬೇಡ್ಕರ್ ಅವರು ಸತಾರಾದಿಂದ ಹೊರಟು, ಮಸೂರು ನಿಲ್ದಾಣದಲ್ಲಿ ರೈಲು ಇಳಿದು, ಅಣ್ಣ ಮತ್ತು ಮನೆಯ ಮಕ್ಕಳ ಜೊತೆ ಗೋರೆಗಾಂವ್‌ಗೆ ಎತ್ತಿನ ಗಾಡಿಯಲ್ಲಿ ಹೋದ ಪ್ರಸಂಗವನ್ನು ಮುಂದೆ ತಾವೇ ಬರೆದಿದ್ದಾರೆ. ಬುತ್ತಿ ಬೇಕಾದಷ್ಟಿತ್ತು. ಜಾತಿ ತಿಳಿದ ಮೇಲೆ ಕುಡಿಯಲು ನೀರು ಕೊಡುವವರಿರಲಿಲ್ಲ. ಮಕ್ಕಳು ಉಪವಾಸ ಮಲಗಿದರು. 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹಕ್ಕೂ ಆ ಹಸಿವಿಗೂ ಸಂಬಂಧವಿದೆ. ಹಾದಿಯ ನೀರು ತನ್ನದಲ್ಲದವನು ಎಲ್ಲವನ್ನೂ ಮನೆಯಿಂದಲೇ ಹೊರಬೇಕು, ಇಲ್ಲವೆ ಕೊಳೆಯಾಗಿಯೇ ಉಳಿದು 'ಕೊಳಕ' ಎನ್ನಿಸಿಕೊಳ್ಳಬೇಕು.

ಹೆಂಗಸರ ಕಷ್ಟ ಇನ್ನೊಂದು ಬಗೆ. ಗಂಡಸು ಕೆರೆಯಲ್ಲಿ ಮುಳುಗೆದ್ದು ನಡೆದುಬಿಟ್ಟಾನು. ಹೆಣ್ಣುಮಗಳಿಗೆ ಮರೆ ಬೇಕು, ಬದಲಾಯಿಸಲು ಒಣ ಸೀರೆ ಬೇಕು, ಮುಟ್ಟಿನ ದಿನಗಳಿಗೆ ಬಟ್ಟೆ ಬೇಕು, ಅದನ್ನು ಒಗೆದು ಒಣಗಿಸಲು ಯಾರೂ ನೋಡದ ಜಾಗ ಬೇಕು. ಬಯಲಿಗೆ ಹೋಗಲು ನಸುಕಿನವರೆಗೋ ಕತ್ತಲಾಗುವವರೆಗೋ ಕಾಯಬೇಕು. ಅವಳ ಗಂಟು ದೊಡ್ಡದಾಗಿದ್ದರೆ ಅದು ಶೋಕಿಯಿಂದಲ್ಲ.

ಪೊಟ್ಟಣದ ಕಾಲ

ರೈಲು ಬಂದ ಮೇಲೆ ಪಯಣ ವೇಗವಾಯಿತು. ಬೇವಿನ ಮರದಡಿ ನಿಲ್ಲುವ ಪುರುಸೊತ್ತು ಹೋಯಿತು. ದಾರಿ ಕೊಡುತ್ತಿದ್ದುದನ್ನು ಕಾರ್ಖಾನೆ ಕೊಡತೊಡಗಿತು. ನಂಜನಗೂಡಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡಿಗರ ಪ್ರಯಾಣದ ಪೆಟ್ಟಿಗೆ ಸೇರಿತು. 1916ರಲ್ಲಿ ಮೈಸೂರು ಸಂಸ್ಥಾನ ಸಾಬೂನು ಕಾರ್ಖಾನೆ ಸ್ಥಾಪಿಸಿತು. ಶ್ರೀಗಂಧದ ಎಣ್ಣೆಯ ಸಾಬೂನು ಅಲ್ಲಿಂದ ಬಂತು. ಅದಕ್ಕೂ ಮೊದಲು, 1841ರಲ್ಲಿ, ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ತನ್ನ ಬಣ್ಣ ಒಣಗದಿರಲೆಂದು ತವರದ ಹಿಂಡುವ ಕೊಳವೆ ಕಂಡುಹಿಡಿದಿದ್ದ; ಅದೇ ಉಪಾಯ ಮುಂದೆ ಹಲ್ಲಿನ ಪೇಸ್ಟಿಗೂ ಒದಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಿಲೆಟ್‌ನ ಸೇಫ್ಟಿ ರೇಜರ್ ಬಂದು, ಮರದಡಿಯ ಹಡಪವೂ ಪ್ರಯಾಣಿಕನ ಪೆಟ್ಟಿಗೆಯೊಳಗೆ ಸೇರಿಕೊಂಡಿತು.

ಸಣ್ಣದು ಮಾಡುವ ಕಲೆಯ ಮುಂದಿನ ಹೆಜ್ಜೆ ಇಟ್ಟವರು ನಮ್ಮ ನೆರೆಯವರೇ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ 1970ರ ದಶಕದಲ್ಲಿ ಶಾಂಪೂವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ ಮಾರಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಮೂಲಕ ಅದನ್ನು ಹಳ್ಳಿಗಳಿಗೆ ಒಯ್ದರು. ಸೀಸೆ ಕೊಳ್ಳಲಾಗದ ಕೂಲಿಕಾರಳೂ ಒಂದು ಸ್ನಾನಕ್ಕಾಗುವಷ್ಟನ್ನು ಚಿಲ್ಲರೆ ಕಾಸಿಗೆ ಕೊಂಡಳು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುವವರ ಚೀಲದಲ್ಲೂ ಈ ಪೊಟ್ಟಣಗಳ ಸರವಿದೆ. ದಾರಿಯಲ್ಲಿ ಯಾರ ಹಂಗೂ ಇಲ್ಲದೆ ತಲೆ ತೊಳೆಯುವ ಅನುಕೂಲವನ್ನು ಕೀಳಾಗಿ ಕಾಣುವುದು ತಪ್ಪು.

ವಿಮಾನದ ಮಿತಿ ಬಂದದ್ದು ಬೇರೆ ಕಾರಣಕ್ಕೆ. ದ್ರವರೂಪದ ಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಸಂಚು 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬಯಲಾದ ಬಳಿಕ, ಕೈಚೀಲದಲ್ಲಿ ಪ್ರತಿ ದ್ರವವೂ 100 ಮಿಲಿಲೀಟರಿನ ಪಾತ್ರೆಯೊಳಗೆ, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಇರಬೇಕೆಂಬ ನಿಯಮ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಹರಡಿತು. ಹೊಸ ತಪಾಸಣಾ ಯಂತ್ರಗಳಿರುವ ಕೆಲವು ನಿಲ್ದಾಣಗಳಲ್ಲಿ ಅದು ಸಡಿಲಗೊಂಡಿದೆ. ಈ ನಿಯಮ ಹಳೆಯ ಗಂಟಿನ ವಿವೇಕವನ್ನು ಮತ್ತೆ ನೆನಪಿಸಿತು: ಸಾಬೂನಿನ ಒಂದು ತುಂಡು, ಹಲ್ಲುಪುಡಿ, ಸೀಗೆಪುಡಿ ದ್ರವಗಳಲ್ಲ. ಶಾಂಪೂವನ್ನೇ ಗಟ್ಟಿ ಮಾಡಿ ಬಿಲ್ಲೆಯಾಗಿ ಮಾರುವವರು ಹೊಸದಾಗಿ ಕಂಡುಕೊಂಡದ್ದು ಅಂಟುವಾಳದ ಕಾಯಿಗೆ ಮೊದಲೇ ಗೊತ್ತಿತ್ತು.

ಬಿಸಾಡಿದ ಭಾರ

ಬೇವಿನ ಕಡ್ಡಿಯನ್ನು ಬಿಸಾಡಿದರೆ ಮಣ್ಣಾಗುತ್ತದೆ. ಪದರ ಪದರವಾಗಿ ಅಂಟಿಸಿದ ಪೊಟ್ಟಣ ಮಣ್ಣಾಗುವುದಿಲ್ಲ. ಆಯುವವನಿಗೂ ಅದಕ್ಕೆ ಬೆಲೆ ಸಿಗದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲೆಗಳಿಗೆ ಪ್ಲಾಸ್ಟಿಕ್ ಪೊಟ್ಟಣ ನಿಷೇಧಿಸಿದವು. 2022ರ ಜುಲೈನಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಶಾಂಪೂ ಪೊಟ್ಟಣವಿರಲಿಲ್ಲ. ಜಾತ್ರೆ ಮುಗಿದ ಮರುದಿನ ಸ್ನಾನಘಟ್ಟಗಳಲ್ಲಿ ಉಳಿಯುವುದು ಇವೇ. ಪಯಣಿಗನ ಹೆಗಲಿಂದ ಇಳಿದ ಭಾರ ಹೊಳೆಯ ದಂಡೆಗೆ ಬಿದ್ದಿದೆ.

ಹಾಗೆಂದು ಎಲ್ಲರೂ ಸೀಗೆಪುಡಿಗೆ ಮರಳಬೇಕೆಂದರೆ ಆಗುವ ಮಾತಲ್ಲ. ದಾರಿಬದಿಯ ಬೇವು ರಸ್ತೆ ಅಗಲೀಕರಣಕ್ಕೆ ಹೋಗಿದೆ, ಸೇದುವ ಬಾವಿಗಳು ಬತ್ತಿವೆ. ಹಗುರವಾಗಿ ಹೋಗಲು ಹಾದಿ ಉದಾರವಾಗಿರಬೇಕು. ಕೊಟ್ಟೂರಿಗೆ ನಡೆಯುವವರಿಗೆ ದಾರಿಯ ಊರವರು ಅನ್ನ, ಮಜ್ಜಿಗೆ ನೀಡುವ ವಾಡಿಕೆ ಇನ್ನೂ ಇದೆ. ಅದರ ಜೊತೆಗೆ ಒಂದು ನಲ್ಲಿ, ಬಾಗಿಲು ಭದ್ರವಾಗಿರುವ ಒಂದು ಸ್ನಾನದ ಕೋಣೆ, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಪೊಟ್ಟಣ ಹಾಕಲು ಒಂದು ತೊಟ್ಟಿ ಇದ್ದರೆ, ಅದೂ ಜಾತಿ ಕೇಳದೆ ತೆರೆದಿದ್ದರೆ, ಎಷ್ಟೋ ಜನರ ಚೀಲ ತಾನಾಗಿಯೇ ಸಣ್ಣದಾದೀತು.