ವಿಂಡೋಸ್ ಎಕ್ಸ್‌ಪಿಯ ಮೇಲಣ ಮಮತೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಸತರ ಆಗಮನವನ್ನೇ ಎಣಿಸುತ್ತಾರೆ. ಹಳೆಯದು ಹೋಗಲೊಲ್ಲದೆ ನಿಂತ ಸಂದರ್ಭಗಳಿಗೆ ಅವರ ಗ್ರಂಥಗಳಲ್ಲಿ ದೊರೆಯುವ ಎಡೆ ಸ್ವಲ್ಪ. ಯಂತ್ರದ ಸಮಸ್ತ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂಗಳಲ್ಲಿ ಇದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಕ್ಸ್‌ಪಿ ಉತ್ತಮ ನಿದರ್ಶನ. ಅದರ ಹೆಸರೆತ್ತಿದೊಡನೆ ಹಸುರು ದಿಬ್ಬದ ಮೇಲೆ ನೀಲಿಯಾಕಾಶವಿದ್ದ ಹಿನ್ನೆಲೆಯ ಚಿತ್ರವನ್ನು (1996ರಲ್ಲಿ ಕ್ಯಾಲಿಫೋರ್ನಿಯದ ಸೊನೋಮಾದಲ್ಲಿ ಚಾರ್ಲ್ಸ್ ಓರಿಯರ್ ತೆಗೆದ ಛಾಯಾಚಿತ್ರವದು) ನೆನೆದು ನಿಟ್ಟುಸಿರಿಡುವವರು ಇಂದಿಗೂ ಇದ್ದಾರೆ. ಈ ಮಮತೆ ಎಷ್ಟರ ಮಟ್ಟಿಗೆ ಚರಿತ್ರೆಗೆ ಸಮ್ಮತವಾದುದು?

ಎಕ್ಸ್‌ಪಿ ಮಾರುಕಟ್ಟೆಗೆ ಬಂದುದು 2001ರ ಅಕ್ಟೋಬರ್ 25ರಂದು. ತತ್ಪೂರ್ವದಲ್ಲಿ ವಿಂಡೋಸಿಗೆ ಎರಡು ಕವಲುಗಳಿದ್ದುವು: ಡಾಸ್ ತಳಹದಿಯ 95, 98 ಮೊದಲಾದುವು ಮನೆಗಳಿಗೆ, 1993ರಿಂದ ಬೆಳೆದು ಬಂದ, ಹೆಚ್ಚು ದೃಢವಾದ ಎನ್‌ಟಿ ಕಚೇರಿಗಳಿಗೆ. ಈ ಎನ್‌ಟಿಯ ತಿರುಳು ಮನೆಯ ಯಂತ್ರಕ್ಕೂ ದೊರೆತದ್ದು ಎಕ್ಸ್‌ಪಿಯಿಂದ. ಕನ್ನಡಿಗರಿಗೆ ಇದು ಇನ್ನೊಂದು ದೃಷ್ಟಿಯಿಂದಲೂ ಸ್ಮರಣೀಯ. ‘ನುಡಿ’ಯಂಥ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಕಡತವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿ ಕಾಣುತ್ತಿತ್ತಷ್ಟೆ, ಎಕ್ಸ್‌ಪಿಯೊಡನೆ ಯೂನಿಕೋಡ್ ಕನ್ನಡಕ್ಕೆ ‘ತುಂಗಾ’ ಎಂಬ ಅಕ್ಷರಮಾಲೆ ಬಂದಿತು, ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಬೇರೆಯಾಗಿ ಅಳವಡಿಸಿಕೊಳ್ಳಬೇಕಾಗಿದ್ದರೂ.

ಆದರೆ ಆಗ ಅದಕ್ಕೆ ದೊರೆತದ್ದು ಕೇವಲ ಪ್ರಶಂಸೆಯಲ್ಲ. ಅದರ ಬಣ್ಣಗಳು ಮಕ್ಕಳ ಆಟಿಕೆಯಂತಿವೆ ಎಂದು ನಕ್ಕರು. ಕೊಂಡ ಪ್ರತಿಯನ್ನು ಸಂಸ್ಥೆಯಲ್ಲಿ ದೃಢಪಡಿಸಿಕೊಳ್ಳಬೇಕೆಂಬ ನಿಯಮವನ್ನು ಕಂಡು ಕೆರಳಿದರು. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಎಂಬ ವರ್ಮ್ ಅಸಂಖ್ಯ ಯಂತ್ರಗಳನ್ನು ಕೆಡಿಸಿತು. ಮರುವರ್ಷದ ಆಗಸ್ಟಿನಲ್ಲಿ ಬಂದ ಎರಡನೆಯ ಪರಿಷ್ಕರಣವೇ ಅದಕ್ಕೆ ತಕ್ಕ ರಕ್ಷಣೆಯನ್ನೊದಗಿಸಿತು. ಆದುದರಿಂದ ಜನರು ಪ್ರೀತಿಯಿಂದ ನೆನೆಯುವ ಎಕ್ಸ್‌ಪಿ 2001ರದಲ್ಲ. ಮೂರು ವರ್ಷ ಪೆಟ್ಟು ತಿಂದು ಪಕ್ವವಾದ ಎಕ್ಸ್‌ಪಿ.

ಅದರ ಉತ್ತರಾಧಿಕಾರಿಯು ತಡಮಾಡಿದ್ದೂ ಈ ಪ್ರೀತಿಗೆ ಕಾರಣವಾಯಿತು. ‘ಲಾಂಗ್‌ಹಾರ್ನ್’ ಹೆಸರಿನ ಯೋಜನೆಯನ್ನು 2004ರಲ್ಲಿ ಬಹುಮಟ್ಟಿಗೆ ಮೊದಲಿನಿಂದ ಕಟ್ಟಬೇಕಾಗಿ ಬಂದು, ವಿಸ್ಟಾ ಜನರ ಕೈಸೇರಿದ್ದು 2007ರ ಜನವರಿ 30ರಂದು. ಐದು ವರ್ಷಗಳಲ್ಲಿ ಕೈ ಒಂದೇ ದಾರಿಗೆ ಪಳಗಿದ್ದಿತು. ಎಕ್ಸ್‌ಪಿಗೆ ಕನಿಷ್ಠ 64 ಮೆಗಾಬೈಟ್ ಸ್ಮೃತಿ ಸಾಕಾಗಿದ್ದರೆ ವಿಸ್ಟಾಕ್ಕೆ 512 ಬೇಕಾಯಿತು. ಹಳೆಯ ಪ್ರಿಂಟರು ಸ್ಕ್ಯಾನರುಗಳಲ್ಲಿ ಹಲವು ಕೆಲಸ ಮಾಡದಾದುವು. ಯಂತ್ರ ಹೆಜ್ಜೆಹೆಜ್ಜೆಗೂ ಅನುಮತಿ ಕೇಳತೊಡಗಿತು. ಅನುಮತಿ ಕೇಳುವುದು ರಕ್ಷಣೆಯ ದೃಷ್ಟಿಯಿಂದ ಯುಕ್ತವೇ; ಆದರೆ ಪದೇ ಪದೇ ಕೇಳಿದರೆ ಮನುಷ್ಯ ಓದದೆಯೇ ‘ಹೂಂ’ ಎನ್ನುತ್ತಾನೆಂಬುದನ್ನು ಅದರ ನಿರ್ಮಾಪಕರು ಗಣಿಸಲಿಲ್ಲ. 2008ರ ಜೂನ್ 30ರಂದು ಎಕ್ಸ್‌ಪಿಯ ಸಾಮಾನ್ಯ ಮಾರಾಟ ನಿಲ್ಲುವುದೆಂದು ತಿಳಿದಾಗ ಇನ್ಫೋವರ್ಲ್ಡ್ ಪತ್ರಿಕೆ ಎತ್ತಿದ ಮನವಿಗೆ ಎರಡು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಂದುವು. ವಿಸ್ಟಾದ ಭಾರವನ್ನು ಹೊರಲಾರದ ಅಗ್ಗದ ಸಣ್ಣ ಲ್ಯಾಪ್‌ಟಾಪುಗಳಿಗಾಗಿ ಅದನ್ನು 2010ರವರೆಗೂ ಕೊಡಬೇಕಾಯಿತು. 2012ರ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿ, ಮರುವರ್ಷ ಅದನ್ನು ಹಿಂದಕ್ಕೆ ತಂದದ್ದೂ ಇದೇ ಕಥೆಯ ಇನ್ನೊಂದು ಪ್ರಸಂಗ.

ಈ ಅಸಮಾಧಾನದಲ್ಲಿ ಎರಡು ಎಳೆಗಳು ಬೆರೆತಿವೆ. ಒಂದು ಅಭ್ಯಾಸಬಲ, ಅದು ಕಾಲಕ್ರಮದಲ್ಲಿ ಕರಗತಕ್ಕದ್ದು. ಇನ್ನೊಂದು, ನನ್ನ ಮೇಜಿನ ಮೇಲಣ ಯಂತ್ರ ಎಂದಿಗೆ ಹಳತಾಯಿತೆಂದು ನಿರ್ಣಯಿಸುವವರು ಯಾರೆಂಬ ಪ್ರಶ್ನೆ. ಇದನ್ನು ಕೇವಲ ಹಳೆಯದರ ಮೋಹವೆಂದು ತಳ್ಳಿಹಾಕುವುದು ಅನ್ಯಾಯ. ಆದರೂ 2014ರ ಏಪ್ರಿಲ್ 8ರಂದು ಪರಿಷ್ಕರಣಗಳು ನಿಂತ ಮೇಲೆ ಎಕ್ಸ್‌ಪಿಯನ್ನು ಉಳಿಸಿಕೊಂಡವರು ಅಪಾಯವನ್ನೂ ಉಳಿಸಿಕೊಂಡರು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಹರಡಿದಾಗ ಸಂಸ್ಥೆಯು ನಿಯಮವನ್ನು ಸಡಿಲಿಸಿ ಎಕ್ಸ್‌ಪಿಗೂ ತಿದ್ದುಪಡಿಯನ್ನು ಕೊಟ್ಟಿತು. ಅದಕ್ಕೆ ತುತ್ತಾದುವುಗಳಲ್ಲಿ ವಿಂಡೋಸ್ 7ರ ಯಂತ್ರಗಳೇ ಅಧಿಕವೆಂಬುದನ್ನು ಮಾತ್ರ ಮರೆಯಬಾರದು. ನಮ್ಮ ದೇಶದ ಎಟಿಎಂಗಳಲ್ಲಿ ಎಕ್ಸ್‌ಪಿ ಇನ್ನೂ ದುಡಿಯುತ್ತಿದ್ದುದರಿಂದ, ಬೆಂಬಲ ನಿಂತ ತಂತ್ರಾಂಶಗಳನ್ನು 2019ರ ಜೂನ್ ಒಳಗಾಗಿ ಹಂತಹಂತವಾಗಿ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು 2018ರ ಜೂನ್ ತಿಂಗಳಲ್ಲಿ ಬ್ಯಾಂಕುಗಳಿಗೆ ಆದೇಶಿಸಬೇಕಾಯಿತು.