ಹತ್ತು ಬಣ್ಣಗಳ ಪಾಠ

ಮನೆಯ ಮೂಲೆಯ ಮೇಜಿನ ಮೇಲೆ ಭಾರವಾದ ಕಪ್ಪು ದೂರವಾಣಿ ಕುಳಿತಿರುತ್ತಿದ್ದ ಕಾಲ ಅನೇಕ ಓದುಗರಿಗೆ ನೆನಪಿರಬಹುದು. ಅದರ ತಂತಿ ಕಿಟಕಿಯ ಸಂದಿಯಿಂದ ಹೊರಬಿದ್ದು, ಬೀದಿಯ ಕಂಬ ಹತ್ತಿ, ಮುಂದೆ ನೆಲದೊಳಗಿನ ಕೇಬಲ್ ಸೇರಿ ಎಲ್ಲಿಗೆ ಹೋಗುತ್ತಿತ್ತು? ‘ಎಕ್ಸ್‌ಚೇಂಜಿಗೆ’ ಎಂದು ಯಾರಾದರೂ ಹೇಳುತ್ತಿದ್ದರು. ಆದರೆ ಅಲ್ಲಿ ಅದು ಮೊದಲು ಮುಟ್ಟುತ್ತಿದ್ದುದು ಕರೆಗಳನ್ನು ಜೋಡಿಸುವ ಯಂತ್ರವನ್ನಲ್ಲ, ಒಂದು ಉದ್ದನೆಯ ಕಬ್ಬಿಣದ ಚೌಕಟ್ಟನ್ನು. ಇಂಗ್ಲಿಷಿನಲ್ಲಿ ಅದು ಮೇನ್ ಡಿಸ್ಟ್ರಿಬ್ಯೂಷನ್ ಫ್ರೇಮ್. ಸಿಬ್ಬಂದಿಯ ಬಾಯಲ್ಲಿ ಬರೀ ‘ಎಂಡಿಎಫ್’.

ಈ ಚೌಕಟ್ಟಿಗೆ ಎರಡು ಮುಖ. ಒಂದು ಬದಿಯಲ್ಲಿ ಊರಿನ ಬೀದಿಗಳಿಂದ ಬಂದ ಕೇಬಲ್‌ಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್ನೊಂದು ಬದಿಯಲ್ಲಿ ಯಂತ್ರದಿಂದ ಬಂದ ದೂರವಾಣಿ ಸಂಖ್ಯೆಗಳು ಸಾಲಾಗಿರುತ್ತವೆ. ನಡುವೆ ಎರಡನ್ನೂ ಕೂಡಿಸುವುದು ‘ಜಂಪರ್’ ಎಂಬ ತೆಳುವಾದ ಜೋಡಿ ತಂತಿ. ಒಂದು ಬದಿ ಮನೆ, ಇನ್ನೊಂದು ಬದಿ ನಂಬರು. ಗ್ರಾಹಕ ಅದೇ ಕೇಂದ್ರದ ವ್ಯಾಪ್ತಿಯಲ್ಲಿ ಮನೆ ಬದಲಿಸಿದರೆ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಹಳೆಯ ಜಂಪರ್ ತೆಗೆದು ಹೊಸದನ್ನು ಎಳೆದರೆ ಹಳೆಯ ನಂಬರು ಹೊಸ ಮನೆಯಲ್ಲಿ ರಿಂಗಣಿಸುತ್ತದೆ. ಸಿಡಿಲಿನ ವಿದ್ಯುತ್ತು ಯಂತ್ರಕ್ಕೆ ನುಗ್ಗದಂತೆ ತಡೆಯುವ ರಕ್ಷಣೆಯೂ ಇಲ್ಲಿಯೇ.

ಇಂಥ ವ್ಯವಸ್ಥೆಯ ಹಿಂದಿನ ಆಲೋಚನೆ ಅರ್ಥವಾಗಬೇಕಾದರೆ ತುಸು ಹಿಂದೆ ಹೋಗಬೇಕು. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ 21 ಗ್ರಾಹಕರ ವಿನಿಮಯ ಕೇಂದ್ರ ಆರಂಭವಾಯಿತು. ಆಗ ಯಾರಿಗೂ ನಂಬರು ಇರಲಿಲ್ಲ. ಗ್ರಾಹಕರು ಹೆಸರು ಹೇಳಿ ಕೇಳುತ್ತಿದ್ದರು. ಯಾವ ಹೆಸರಿಗೆ ಯಾವ ತೂತು ಎಂಬುದು ಆಪರೇಟರ್‌ಗಳ ತಲೆಯಲ್ಲಿತ್ತು. 1879ರಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿತು. ಅಲ್ಲಿನ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್ ಅವರಿಗೆ ಒಂದು ಚಿಂತೆ ಹತ್ತಿತು: ಇರುವ ನಾಲ್ವರು ಆಪರೇಟರ್‌ಗಳೂ ಒಟ್ಟಿಗೆ ಹಾಸಿಗೆ ಹಿಡಿದರೆ? ಹೊಸದಾಗಿ ಬಂದವರು ಇಷ್ಟೊಂದು ಹೆಸರುಗಳನ್ನು ಕಲಿಯುವ ತನಕ ಊರೇ ಮೂಕವಾಗುತ್ತದೆ. ಪ್ರತಿಯೊಬ್ಬ ಗ್ರಾಹಕನಿಗೂ ಒಂದು ಸಂಖ್ಯೆ ಕೊಡಿ ಎಂದು ಅವರು ಸಲಹೆ ಮಾಡಿದರು. ಟೆಲಿಫೋನ್ ನಂಬರು ಹುಟ್ಟಿದ ಕತೆ ಇದು.

ಒಬ್ಬನ ನೆನಪಿನಲ್ಲಿ ಇರುವುದನ್ನು ಎಲ್ಲರೂ ಓದಬಲ್ಲ ಗುರುತಿಗೆ ಇಳಿಸುವುದು: ಚೌಕಟ್ಟಿನ ಮುಂದೆ ನಿಲ್ಲುವ ತಂತ್ರಜ್ಞನಿಗೆ ಕೊಡುತ್ತಿದ್ದ ತರಬೇತಿಯ ತಿರುಳೂ ಇದೇ.

ಮೊದಲ ಪಾಠ ಬಣ್ಣಗಳದ್ದು. ಪ್ಲಾಸ್ಟಿಕ್ ಹೊದಿಕೆಯ ಕೇಬಲ್‌ಗಳಲ್ಲಿ ತಂತಿಗಳನ್ನು ಗುರುತಿಸಲು ಹತ್ತು ಬಣ್ಣಗಳು ಸಾಕು. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಒಂದು ಗುಂಪು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಇನ್ನೊಂದು. ಮೊದಲ ಗುಂಪಿನ ಒಂದೊಂದು ಬಣ್ಣವೂ ಎರಡನೆಯ ಗುಂಪಿನ ಐದರ ಜೊತೆ ಸೇರುತ್ತದೆ. ಬಿಳಿ–ನೀಲಿ ಒಂದನೆಯ ಜೋಡಿ, ಬಿಳಿ–ಕಿತ್ತಳೆ ಎರಡನೆಯದು, ಕೆಂಪು–ನೀಲಿ ಆರನೆಯದು, ನೇರಳೆ–ಬೂದು ಇಪ್ಪತ್ತೈದನೆಯದು. ಅದಕ್ಕೂ ಮೇಲೆ ಹೋದರೆ ಒಂದೊಂದು ಕಟ್ಟಿಗೂ ಬಣ್ಣದ ದಾರ ಸುತ್ತಿ ಅದೇ ಲೆಕ್ಕವನ್ನು ಮತ್ತೆ ಎಣಿಸಬೇಕು. ಮಗ್ಗಿಯಂತೆ ಇದು ಬಾಯಿಗೆ ಬರಬೇಕು. ‘ಹದಿಮೂರನೆಯ ಜೋಡಿ’ ಎಂದರೆ ಯೋಚಿಸದೆ ‘ಕಪ್ಪು–ಹಸಿರು’ ಎನ್ನಬೇಕು. ಕೆಂಪು, ಹಸಿರು, ಕಂದುಗಳ ಭೇದ ತಿಳಿಯದ ಕಣ್ಣಿಗೆ ಈ ಕೆಲಸ ಒಗ್ಗುವುದಿಲ್ಲ.

ಎರಡನೆಯದು ಕೈಯ ಪಾಠ. ಹಿಂದೆ ಪ್ರತಿ ತುದಿಯನ್ನೂ ಬೆಸುಗೆ ಹಾಕುತ್ತಿದ್ದರು. ಆಮೇಲೆ ಚೌಕನೆಯ ಲೋಹದ ಕಡ್ಡಿಗೆ ತಂತಿಯನ್ನು ಬಿಗಿಯಾಗಿ ಸುತ್ತುವ ಉಪಕರಣ ಬಂತು. ಕಡ್ಡಿಯ ಅಂಚು ತಂತಿಯನ್ನು ಕಚ್ಚಿ ಹಿಡಿಯುವುದರಿಂದ ಬೆಸುಗೆಯೇ ಬೇಡವಾಯಿತು. ಅದಾದ ಮೇಲೆ ಒಂದೇ ಒತ್ತಿಗೆ ತಂತಿಯ ಹೊದಿಕೆ ಸೀಳಿ, ಸಂಪರ್ಕ ಕೂಡಿಸಿ, ಹೆಚ್ಚಾದ ತುದಿಯನ್ನು ಕತ್ತರಿಸುವ ಸಾಧನ ಬಂತು. ಉಪಕರಣ ಬದಲಾದರೂ ಒಂದು ಎಚ್ಚರಿಕೆ ಬದಲಾಗಲಿಲ್ಲ: ಜೋಡಿಯನ್ನು ಅಗಲಿಸಬಾರದು. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದಿರುವುದರಿಂದಲೇ ಪಕ್ಕದ ಜೋಡಿಯ ಸದ್ದು ಇದಕ್ಕೆ ಹತ್ತುವುದಿಲ್ಲ. ಒಂದು ಜೋಡಿಯ ಒಂದೆಳೆ, ಇನ್ನೊಂದರ ಒಂದೆಳೆ ಹಿಡಿದು ಕಟ್ಟಿದರೂ ಗಂಟೆ ಬಾರಿಸುತ್ತದೆ, ಮಾತೂ ಕೇಳುತ್ತದೆ. ಆದರೆ ಅದರೊಂದಿಗೆ ಬೇರೆಯವರ ಮನೆಯ ಮಾತೂ ಕೇಳಿಬರುತ್ತದೆ!

ಮೂರನೆಯದು ಶಿಸ್ತಿನ ಪಾಠ. ಜಂಪರನ್ನು ಅಡ್ಡದಾರಿಯಲ್ಲಿ ಎಳೆಯದೆ ಬಳೆಗಳೊಳಗಿಂದಲೇ ಸಾಗಿಸಬೇಕು. ಸಂಪರ್ಕ ರದ್ದಾದರೆ ಸತ್ತ ತಂತಿಯನ್ನು ಪೂರ್ತಿ ಹೊರತೆಗೆಯಬೇಕು. ಇಲ್ಲವಾದರೆ ವರ್ಷಗಳು ಕಳೆದಂತೆ ಚೌಕಟ್ಟು ಹಕ್ಕಿಯ ಗೂಡಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಾಡಿದ್ದನ್ನು ಆಗಲೇ ಪುಸ್ತಕದಲ್ಲಿ ಬರೆಯಬೇಕು. ನಾಳೆ ಬರುವವನು ಬೇರೆಯವನು.

ಚೌಕಟ್ಟು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ಕಂಡಿದೆ. 1975ರ ಫೆಬ್ರುವರಿ 27ರ ನಡುರಾತ್ರಿ ಕಳೆದ ಮೇಲೆ ಸೆಕೆಂಡ್ ಅವೆನ್ಯೂ ಬೀದಿಯ ವಿನಿಮಯ ಕೇಂದ್ರದ ನೆಲಮಾಳಿಗೆಯಲ್ಲಿ ಕೇಬಲ್‌ಗಳಿಗೆ ಬೆಂಕಿ ಹತ್ತಿತು. ಚೌಕಟ್ಟೂ ನಾಶವಾಯಿತು. ಸುಮಾರು 1,70,000 ದೂರವಾಣಿಗಳು ಒಮ್ಮೆಗೇ ಮೂಕವಾದವು. ಬೇರೆ ಬೇರೆ ಕಡೆಗಳಿಂದ ಬಂದ ಸಾವಿರಾರು ಕೆಲಸಗಾರರು ಹಗಲಿರುಳು ದುಡಿದು, ಹೊಸ ಚೌಕಟ್ಟು ನಿಲ್ಲಿಸಿ, ತಂತಿಗೆ ತಂತಿ ಕೂಡಿಸಿದರು. 23 ದಿನಗಳಲ್ಲಿ ಸೇವೆ ಮರಳಿತು. ಒಬ್ಬರನ್ನೊಬ್ಬರು ಕಂಡರಿಯದವರು ಹೀಗೆ ಒಟ್ಟಿಗೆ ದುಡಿಯಲು ಸಾಧ್ಯವಾದದ್ದು ಅವರೆಲ್ಲ ಕಲಿತ ಬಣ್ಣ, ಎಣಿಕೆ, ಕ್ರಮಗಳು ಒಂದೇ ಆಗಿದ್ದುದರಿಂದ. ಆ ರಾತ್ರಿಯ ವಿಷದ ಹೊಗೆ ಕುಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಹಲವರು ಮುಂದೆ ಕಾಯಿಲೆ ಬಿದ್ದರೆಂಬುದನ್ನೂ ಮರೆಯಬಾರದು.

ನಮ್ಮ ದೇಶಕ್ಕೆ ವಿನಿಮಯ ಕೇಂದ್ರಗಳು ಬಂದದ್ದು 1882ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಿಗೆ. 1942ರಲ್ಲಿ ಜಬಲ್ಪುರದಲ್ಲಿ ದೂರಸಂಪರ್ಕ ತರಬೇತಿ ಕೇಂದ್ರ ಆರಂಭವಾಯಿತು. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐಟಿಐ ಕಾರ್ಖಾನೆ ದೂರವಾಣಿ, ವಿನಿಮಯ ಯಂತ್ರಗಳನ್ನು ಇಲ್ಲಿಯೇ ತಯಾರಿಸತೊಡಗಿತು. 1986ರಲ್ಲಿ ಸಿ-ಡಾಟ್ ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜು ಮೊದಲಿಗೆ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಸ್ವದೇಶಿ ಯಂತ್ರದ ಹೊಗಳಿಕೆ ದೇಶದಲ್ಲೆಲ್ಲ ಕೇಳಿತು, ಅದು ನ್ಯಾಯವೇ. ಆದರೆ ಯಂತ್ರ ಎಷ್ಟು ಹೊಸದಾದರೂ ಊರಿನ ತಂತಿಗಳನ್ನು ಬಿಡಿಸಿ, ಎಣಿಸಿ, ಸರಿಯಾದ ನಂಬರಿಗೆ ಕೂಡಿಸುವ ಕೈ ಬೇಕೇ ಬೇಕಿತ್ತು. ಆ ಕೈಗಳ ಸುದ್ದಿ ಮಾತ್ರ ಪತ್ರಿಕೆಗಳಲ್ಲಿ ಬಂದದ್ದು ಕಡಮೆ.

ಈಗ ತಾಮ್ರದ ಕಾಲ ಮುಗಿಯುತ್ತಿದೆ. ಮನೆಗಳಿಗೆ ಗಾಜಿನ ಎಳೆ ಬರುತ್ತಿದೆ, ಎಷ್ಟೋ ಹಳೆಯ ಚೌಕಟ್ಟುಗಳು ಗುಜರಿ ಸೇರಿವೆ. ಹಾಗೆಂದು ಆ ವಿದ್ಯೆಯೂ ಗುಜರಿಗೆ ಹೋಯಿತೆಂದು ತಿಳಿಯಬೇಕಾಗಿಲ್ಲ. ಆಪ್ಟಿಕಲ್ ಫೈಬರಿನ ಕೆಲಸ ಕಲಿಯುವ ಹುಡುಗರೂ ಹುಡುಗಿಯರೂ ಮೊದಲ ದಿನ ಬಾಯಿಪಾಠ ಮಾಡುವ ಹನ್ನೆರಡು ಬಣ್ಣಗಳಲ್ಲಿ ಮೊದಲ ಹತ್ತು ಇವು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ತಾಮ್ರದವರು ಕಟ್ಟಿಟ್ಟ ಮಗ್ಗಿಯನ್ನೇ ಗಾಜಿನವರೂ ಒಪ್ಪಿಸುತ್ತಿದ್ದಾರೆ.